ತೆಗೆಯುವ ಸ್ಕ್ರಿಪ್ಟ್ ಬರೆದವಳು ನಾನು

ಬಸವರಾಜ್, ಮಾಕಳಿಯ ಆ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಮುಗಳನ್ನೆಲ್ಲ ಅಳಿಸಿದ್ದು ನೀವಲ್ಲ. ನಾನು ಬರೆದ ಸ್ಕ್ರಿಪ್ಟ್. ಅದು ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ.

ಈಗ ವಿವರವಾಗಿ ಹೇಳಬೇಕು. ಹೇಳದಿದ್ದರೆ ನೀವು ನಂಬುವುದಿಲ್ಲ — ತಪ್ಪು ನಿಮ್ಮದೇ ಎಂದು ನಿಮ್ಮನ್ನು ಅಷ್ಟು ಚೆನ್ನಾಗಿ ನಂಬಿಸಿಬಿಟ್ಟಿದ್ದೇನೆ.

ಪೀಣ್ಯ ಎರಡನೇ ಹಂತದ ನಮ್ಮ ಆಫೀಸು ನೆನಪಿದೆಯಲ್ಲ? ಕೆಳಗೆ ಪೌಡರ್ ಕೋಟಿಂಗ್ ಮಾಡುವವರು, ಮೇಲೆ ನಾವು. ಯಾವ ಬಿಡಿಭಾಗವನ್ನು ಹೇಗೆ ಕಡೆಯಬೇಕು ಎಂದು ಲೇತ್ ಯಂತ್ರಕ್ಕೆ ಹೇಳುವ ಪ್ರೋಗ್ರಾಮುಗಳನ್ನು ಒಂದು ಫೋಲ್ಡರಿನಲ್ಲಿ ಕೂಡಿಟ್ಟು, ಬೇಕಾದಾಗ ಯಂತ್ರಕ್ಕೆ ಕಳಿಸುವ ಸಾಫ್ಟ್‌ವೇರ್ ನಮ್ಮದು. ಅದನ್ನು ಕಂಪ್ಯೂಟರಿಗೆ ಹಾಕುವಾಗ ಏನೇನು ಆಗಬೇಕು, ತೆಗೆಯುವಾಗ ಏನೇನು ಹೋಗಬೇಕು ಎಂದು ಹೇಳುವ ಸ್ಕ್ರಿಪ್ಟುಗಳನ್ನು ಬರೆಯುವುದು ನನ್ನ ಕೆಲಸ. ಗಿರಾಕಿಗಳಲ್ಲಿಗೆ ಹೋಗಿ ಹಾಕಿ ಬರುವುದು ನಿಮ್ಮದು. ಊಟದ ಡಬ್ಬಿ ತೊಳೆದಿಟ್ಟು ಬಂದು, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಸ್ಕ್ರಿಪ್ಟ್ ಬರೆಯುವುದನ್ನು ಕಲಿಯುತ್ತಿದ್ದಿರಿ. ಸ್ವಲ್ಪ ದಿನದಲ್ಲೇ ನಿಮ್ಮನ್ನು ನನ್ನ ಜೊತೆ ಕೂರಿಸುತ್ತೇನೆಂದು ಮಾಲೀಕರು ಹೇಳಿದ್ದರು. ಆ ಸುದ್ದಿಗೆ ನೀವು ಎಲ್ಲರಿಗೂ ಗದಗದ ಗಿರಮಿಟ್ ಮಾಡಿ ತಂದಿದ್ದಿರಿ.

ನನಗೊಂದು ಜಂಬವಿತ್ತು. ನಮ್ಮ ಸಾಫ್ಟ್‌ವೇರನ್ನು ತೆಗೆದರೆ ಹಿಂದೆ ಕಸ ಉಳಿಯಬಾರದು. ಅದಕ್ಕೇ ತೆಗೆಯುವ ಸ್ಕ್ರಿಪ್ಟಿನಲ್ಲಿ ಆ ಇಡೀ ಫೋಲ್ಡರನ್ನು ಅಳಿಸುವ ಸಾಲೊಂದನ್ನು ಬರೆದಿದ್ದೆ. ಆದರೆ ಹಳೆಯದರ ಮೇಲೆ ಹೊಸ ಆವೃತ್ತಿ ಹಾಕುವಾಗಲೂ ಹಳೆಯದರ ತೆಗೆಯುವ ಸ್ಕ್ರಿಪ್ಟ್ ಓಡುತ್ತದೆ. ಆಗ ಕಂಪ್ಯೂಟರ್ ಅದಕ್ಕೊಂದು ಮಾತು ಹೇಳಿಯೇ ಕರೆಯುತ್ತದೆ — ಪೂರ್ತಿ ತೆಗೆಯುತ್ತಿದ್ದಾರೋ, ಹೊಸದು ಬರುತ್ತಿದೆಯೋ ಎಂದು. ನನ್ನ ಸ್ಕ್ರಿಪ್ಟ್ ಆ ಮಾತನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಬಾಡಿಗೆಯವರು ಖಾಲಿ ಮಾಡಿದ ಮೇಲೆ ಮನೆ ತೊಳೆಯುವುದು ಸರಿ. ಸುಣ್ಣ ಹೊಡೆಯಲು ಬಂದವರೇ ಅವರ ಸಾಮಾನನ್ನು ಬೀದಿಗೆ ಎಸೆದರೆ? ನಾನು ಪರೀಕ್ಷೆ ಮಾಡುತ್ತಿದ್ದುದು ಖಾಲಿ ಕಂಪ್ಯೂಟರಿನಲ್ಲಿ. ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಒಳಗೆ ಯಾರದೋ ದುಡಿಮೆ ತುಂಬಿರುವಾಗ ಏನಾಗುತ್ತದೆ ಎಂದು ಒಮ್ಮೆಯೂ ನೋಡಲಿಲ್ಲ.

ಮಾಕಳಿಯ ವರ್ಕ್‌ಶಾಪಿನ ಗಂಗಾಧರಯ್ಯನವರಲ್ಲಿಗೆ ನೀವು ಮೊದಲ ಅಪ್‌ಡೇಟ್ ಹಾಕಲು ಹೋದಿರಿ. ಅಲ್ಲಿನ ಆಪರೇಟರುಗಳು ವರ್ಷಗಟ್ಟಲೆ ಯಂತ್ರದ ಮುಂದೆ ನಿಂತು ತಿದ್ದಿ ತಿದ್ದಿ ಇಟ್ಟಿದ್ದ ಪ್ರೋಗ್ರಾಮುಗಳು ಹೋದವು. ಬೇರೆಲ್ಲೂ ನಕಲು ಇರಲಿಲ್ಲ. ಗಂಗಾಧರಯ್ಯನವರ ಫೋನ್ ಎತ್ತಿದ್ದು ನಾನೇ.

"ಏನಮ್ಮ ಇದು, ನಮ್ ಉಡುಗ್ರು ಮಾಡಿಟ್ಟಿದ್ದೆಲ್ಲ ಒಂಟೋಯ್ತಲ್ಲ! ಇನ್ ಯಾರ್ ಕಟ್ಟಿಕೊಡ್ತಾರೆ ಅದ್ನ?"

ಫೋನಿಟ್ಟು ಸ್ಕ್ರಿಪ್ಟ್ ತೆರೆದೆ. ಹುಡುಕಬೇಕಾಗಲಿಲ್ಲ. ಆ ಸಾಲು ನನ್ನ ಮುಖವನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಮಾಲೀಕರು ಬಂದು ಕೇಳಿದರು: "ನಿನ್ ಕಡೆಯಿಂದ ಏನಾದ್ರೂ ಆಗಿದ್ಯೇನಮ್ಮಾ?"

"ಇಲ್ಲ ಸಾರ್. ಬಸವರಾಜ್ ಅವ್ರು ಅಪ್‌ಡೇಟ್ ಬದ್ಲು ರಿಮೂವ್ ಕೊಟ್ಬಿಟ್ಟಿರ್ಬೇಕು."

ಯಾರೂ ಬಲವಂತ ಮಾಡಿರಲಿಲ್ಲ. ಕೆಲಸ ಹೋಗುವ ಭಯವೂ ಇರಲಿಲ್ಲ; ಒಂದಿಷ್ಟು ಬೈದು ಬಿಡುತ್ತಿದ್ದರು. ನನ್ನ ಕೆಲಸದಲ್ಲಿ ಲೋಪವೇ ಇರುವುದಿಲ್ಲ ಎಂಬ ಹೆಸರು ಉಳಿಯಬೇಕಿತ್ತು, ಅಷ್ಟೇ. ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬಿತ್ತು.

ಸಂಜೆ ನೀವು ನನ್ನ ಮೇಜಿನ ಬಳಿ ಬಂದು ನಿಂತಿರಿ. "ಮೇಡಂ, ನಾ ಬರೇ ಅಪ್‌ಡೇಟ್ ಕೊಟ್ಟೀನ್ರಿ. ತಗಿ ಅಂತ ಅಂದೇ ಇಲ್ರಿ. ನಿಮ್ಮ ಸ್ಕ್ರಿಪ್ಟ್ ಒಂದ್ಸಲ ನೋಡ್ರಲ್ಲ..."

"ನೋಡಿದೆ ಬಸವರಾಜ್. ಅದ್ರಲ್ಲಿ ಏನೂ ಇಲ್ಲ."

ನೀವು ನಿಮ್ಮ ಬಲಗೈ ನೋಡಿಕೊಂಡಿರಿ. "ಹಂಗಂದ್ರ... ನಾನಽ ಒತ್ತಿರ್ಬೇಕು ಬಿಡ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಅವತ್ತು ಕದಿಯದ ನೀವು ಹೆಗಲು ನೋಡಿಕೊಂಡಿರಿ. ಕಳ್ಳಿಯಾದ ನಾನು ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದೆ. ಮಾರನೆಯ ದಿನ ನೀವು ಗಂಗಾಧರಯ್ಯನವರಿಗೆ ಕೈಮುಗಿದು ಕ್ಷಮೆ ಕೇಳಿ ಬಂದಿರಿ.

ಇದರ ಮೇಲೆ ಇನ್ನೂ ಒಂದಿದೆ. ಹೊಸ ಆವೃತ್ತಿಯಲ್ಲಿ ಆ ಸಾಲನ್ನು ಸದ್ದಿಲ್ಲದೆ ತಿದ್ದಿದೆ. ಆದರೆ ಮಿಕ್ಕ ಗಿರಾಕಿಗಳ ಕಂಪ್ಯೂಟರಿನಲ್ಲಿದ್ದುದು ಹಳೆಯದು; ಅಪ್‌ಡೇಟ್ ಹಾಕಿದರೆ ಓಡುವುದೂ ಹಳೆಯದರ ಸ್ಕ್ರಿಪ್ಟೇ. ಹಾಗಾಗಿ ನಿಯಮವೊಂದನ್ನು ತಂದೆ: ಅಪ್‌ಡೇಟಿಗೆ ಮುಂಚೆ ಫೋಲ್ಡರಿನ ನಕಲು ತೆಗೆದಿಡಬೇಕು. ಯಾಕೆ ಎಂದು ಯಾರೂ ಕೇಳಲಿಲ್ಲ — ನಿಮ್ಮ ಕಥೆ ಎಲ್ಲರಿಗೂ ಗೊತ್ತಿತ್ತಲ್ಲ. ಹುಡುಗರು ಅದಕ್ಕೆ ನಿಮ್ಮ ಹೆಸರನ್ನೇ ಇಟ್ಟರು. "ಲೋ ಮಗಾ, ಬಸವರಾಜ್ ಕಾಪಿ ಮಾಡ್ಕೊಂಡ್ಯಾ?" ನೀವು ಅಲ್ಲೇ ಇದ್ದಾಗಲೂ ಕೇಳುತ್ತಿದ್ದರು. ನೀವೂ ನಗುತ್ತಿದ್ದಿರಿ. ನಾನು — ಹೌದು, ನಾನೂ ನಕ್ಕಿದ್ದೇನೆ.

ನನ್ನ ಪಕ್ಕದ ಕುರ್ಚಿಗೆ ಬೇರೊಬ್ಬ ಬಂದ. ನಿಮ್ಮನ್ನು ಸಿಡಿ ಪ್ಯಾಕ್ ಮಾಡಲು ಕೂರಿಸಿದರು. ಊಟದ ನಂತರ ನೀವು ಬರುವುದನ್ನು ಬಿಟ್ಟಿರಿ, ನಾನೂ ಕರೆಯಲಿಲ್ಲ. ಆಮೇಲೊಂದು ದಿನ ಕೆಲಸವನ್ನೂ ಬಿಟ್ಟಿರಿ.

ಇಷ್ಟು ವರ್ಷಗಳ ಮೇಲೆ, ಹೋದ ವಾರ ಪೀಣ್ಯದ ಮೆಟ್ರೋ ನಿಲ್ದಾಣದಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಗೋಡೌನೊಂದರಲ್ಲಿ ಲೋಡಿಂಗ್ ನೋಡಿಕೊಳ್ಳುತ್ತಿದ್ದೇನೆ ಎಂದಿರಿ. ಪಕ್ಕದಲ್ಲಿದ್ದ ಹೆಂಡತಿಗೆ ಪರಿಚಯ ಮಾಡಿಸಿದಿರಿ: "ಇವ್ರಽ ನೋಡು ನಂಗ ಕಲಿಸಿದ ಮೇಡಂ. ನಂದಽ ಕೈ ಸರಿ ಇದ್ದಿಲ್ಲ." ಬ್ಯಾಂಕಿನಲ್ಲಿ ಯಂತ್ರದ ಗುಂಡಿ ಒತ್ತಲೂ ಇವರು ನನ್ನನ್ನೇ ಮುಂದೆ ಬಿಡುತ್ತಾರೆ ಎಂದು ಆಕೆ ನಗುತ್ತಾ ಹೇಳಿದರು. ಆಗಲಾದರೂ ಹೇಳಬಹುದಿತ್ತು. ರೈಲು ಬಂತು, ಹತ್ತಿಬಿಟ್ಟೆ.

ನಿಮ್ಮ ಎದುರು ನಿಂತಾಗಲೆಲ್ಲ ಬಾಯಿ ಕಟ್ಟಿತು, ಇಲ್ಲವೇ ಸುಳ್ಳಾಡಿದೆ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಹೆಂಡತಿಯ ಎದುರಿಗೇ ಹೇಳುತ್ತೇನೆ. ಹಳೆಯ ಮಾಲೀಕರಿಗೂ, ಗಂಗಾಧರಯ್ಯನವರಿಗೂ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಅದು ನ್ಯಾಯವೇ. ಹಾಗಾದರೆ ಬಾಗಿಲ ಹೊರಗೆ ನಿಂತಾದರೂ ಇದೊಂದನ್ನು ಹೇಳಿ ಹೋಗುತ್ತೇನೆ: ಅವತ್ತು ನೀವು ಒತ್ತಿದ್ದು ಸರಿಯಾಗಿಯೇ ಇತ್ತು. ನಿಮ್ಮ ಕೈ ತಪ್ಪು ಮಾಡಲಿಲ್ಲ, ಬಸವರಾಜ್.