ಅಚ್ಚು ಬದಲಿಸುವ ರಾಯಪ್ಪ

ಅಂಕಲಗಿಯ ರಾಯಪ್ಪ ಹದಿನೆಂಟು ವರ್ಷ ಮೂಡಲಗಿ ಕಡೆಯ ಗಾಣಗಳಲ್ಲಿ ಬೆಲ್ಲ ಬೇಯಿಸಿದವನು. ಈಗ ಆರು ವರ್ಷದಿಂದ ಘಟಪ್ರಭಾ ಹತ್ತಿರದ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಅಚ್ಚು ಬದಲಿಸುತ್ತಾನೆ. ಬೆಳಿಗ್ಗೆ ಟೊಮೆಟೊ ಕ್ರೇಟು ಮಾಡುವ ಯಂತ್ರ ಮಧ್ಯಾಹ್ನ ಬಕೆಟ್ಟು ಮಾಡಬೇಕೆಂದರೆ, ಟನ್ನುಗಟ್ಟಲೆ ತೂಕದ ಉಕ್ಕಿನ ಅಚ್ಚನ್ನು ಇಳಿಸಿ ಇನ್ನೊಂದನ್ನು ಏರಿಸಬೇಕು. ಅಷ್ಟೂ ಹೊತ್ತು ಯಂತ್ರ ಸುಮ್ಮನೆ ನಿಂತಿರುತ್ತದೆ. ರಾಯಪ್ಪನಿಗೆ ಎರಡೂವರೆ ಗಂಟೆ ಹಿಡಿಯುತ್ತಿತ್ತು.

ಒಂದು ಸೋಮವಾರ ಮಾಲೀಕರಾದ ಕುಂಥುನಾಥರು ಅವನನ್ನು ಕರೆದರು. ಹುಕ್ಕೇರಿಯ ರೈತರು ಕ್ರೇಟಿಗಾಗಿ ಕಾಯುತ್ತಿದ್ದಾರೆ. ಶನಿವಾರದೊಳಗೆ ಈ ಕೆಲಸ ಒಂದು ಗಂಟೆಗೆ ಇಳಿಯದಿದ್ದರೆ ಕೊಲ್ಹಾಪುರದ ಫಿಟ್ಟರ್ ಬರುತ್ತಾನೆ, ರಾಯಪ್ಪ ಲಾರಿಗೆ ಮಾಲು ತುಂಬಲು ಹೋಗಬೇಕು ಎಂದರು. ಅಂದು ರಾಯಪ್ಪ ಬುತ್ತಿ ಬಿಚ್ಚಲಿಲ್ಲ.

ಮಾಲಿನ ಗುಣಮಟ್ಟ ನೋಡುವ ನೇತ್ರಾ ಹಿಂದಿನ ವಾರವೆಲ್ಲ ಮೊಬೈಲಿನಲ್ಲಿ ಅವನ ಕೆಲಸದ ವಿಡಿಯೊ ತೆಗೆದಿದ್ದಳು. ಅದಕ್ಕೆ ಅವನು ಅವಳ ಮೇಲೆ ಮುನಿಸಿಕೊಂಡಿದ್ದ. ಅವಳೇ ಬಂದು ಪಕ್ಕದಲ್ಲಿ ಕುಳಿತು ವಿಡಿಯೊ ತೋರಿಸಿದಳು.

"ಕಾಕಾ, ನೀವು ಖರೆ ಬೋಲ್ಟ್ ಬಿಚ್ಚಿ ಕಟ್ಟಿದ್ದು ಐವತ್ತು ನಿಮಿಷ. ಉಳಿದದ್ದೆಲ್ಲಾ ಬೋಲ್ಟ್ ಬಿಚ್ಚೂ ಪಾನಾ ಹುಡುಕೂದು, ಅಚ್ಚು ತರಾಕ ಹೋಗೂದು, ಕ್ರೇನ್ ಬರೂತನಾ ನಿಂದ್ರೂದು."

ಹೀಗೆ ದಂಡವಾಗುವ ಹೊತ್ತನ್ನೂ ಓಡಾಟವನ್ನೂ ದಿನದಿನಕ್ಕೆ ಕಡಿಮೆ ಮಾಡುತ್ತ ಹೋಗುವುದಕ್ಕೇ ಕಾರ್ಖಾನೆಗಳಲ್ಲಿ ಲೀನ್ ಎನ್ನುತ್ತಾರೆ ಎಂದು ವಿವರಿಸಿದಳು.

ರಾಯಪ್ಪ ನೆಟ್ಟಗೆ ಕುಳಿತ. ಗಾಣದಲ್ಲಿ ಒಂದು ಕೊಪ್ಪರಿಗೆಯ ಪಾಕ ಇಳಿಯುವ ಮೊದಲೇ ಮುಂದಿನದಕ್ಕೆ ಕಬ್ಬಿನ ಹಾಲು ಸೋಸಿ ಇಟ್ಟಿರುತ್ತಿದ್ದರು. ಒಲೆ ಖಾಲಿ ಉರಿಯುವಂತಿರಲಿಲ್ಲ.

"ಹಾಲು ತಯಾರ್ ಇಲ್ಲದ ಪಾಕ ಇಳಿಸಿದ್ರ ಗಾಣದ ಯಜಮಾನ ನನ್ನ ಅವತ್ತ ಓಡಸ್ತಿದ್ದ. ಇಲ್ಲಿ ಆರು ವರ್ಷ ಅದ ತಪ್ಪು ಮಾಡೇನಿ ನೋಡವಾ."

ಗುರುವಾರ ಯಂತ್ರ ನಿಲ್ಲುವ ಮೊದಲೇ ಬಕೆಟ್ಟಿನ ಅಚ್ಚು ಒರೆಸಿಕೊಂಡು ಯಂತ್ರದ ಪಕ್ಕಕ್ಕೆ ಬಂದಿತ್ತು, ಕ್ರೇನೂ ಬಂದಿತ್ತು. ಆದರೂ ತೊಂಬತ್ತು ನಿಮಿಷ ಹಿಡಿಯಿತು. ಎರಡು ಅಚ್ಚುಗಳ ಬೋಲ್ಟು ಒಂದೇ ಡಬ್ಬಿಯಲ್ಲಿದ್ದವು. ಉದ್ದದವು, ಗಿಡ್ಡದವು ಬೆರೆತು ಅವನನ್ನು ಕಾಡಿದವು. ಸಂಜೆ ಒಂದೊಂದು ಅಚ್ಚಿಗೆ ಒಂದೊಂದು ಡಬ್ಬಿ ಮಾಡಿ ಬಣ್ಣ ಬಳಿದ. ಶುಕ್ರವಾರ ಎಪ್ಪತ್ತು ನಿಮಿಷ. ಅಂದು ರಾಯಪ್ಪನಿಗೆ ಬುತ್ತಿ ರುಚಿಸಿತು.

ಶನಿವಾರ ಹತ್ತಕ್ಕೆ ಯಂತ್ರ ನಿಂತಿತು. ಕುಂಥುನಾಥರು ಗಡಿಯಾರ ನೋಡುತ್ತ ನಿಂತರು. ಪ್ಯಾಕಿಂಗಿನ ಹೆಂಗಸರೂ ಬಂದು ಸುತ್ತುಗಟ್ಟಿದರು. ಹಳೆಯ ಅಚ್ಚು ಇಳಿಯಿತು, ಹೊಸದು ಏರಿತು, ಬೋಲ್ಟು ಒಂದೂ ತಪ್ಪಲಿಲ್ಲ. ಮೊದಲ ಎರಡು ಬಕೆಟ್ಟು ಸೊಟ್ಟಗೆ ಬಂದವು. ನೇತ್ರಾ ಅವನ್ನು ಲೆಕ್ಕಕ್ಕೆ ಹಿಡಿಯದೆ ಎಸೆದಳು. ಮೂರನೆಯದನ್ನು ತಿರುಗಿಸಿ ಮುರುಗಿಸಿ ನೋಡಿ ಎತ್ತಿ ಹಿಡಿದಳು. ಐವತ್ತೇಳು ನಿಮಿಷ.

ಫಿಟ್ಟರನಿಗೆ ಬರಬೇಡ ಎನ್ನಲು ಕುಂಥುನಾಥರು ಫೋನು ತೆಗೆದರು. ರಾಯಪ್ಪ ಕೈ ಅಡ್ಡ ಹಿಡಿದ.

"ಬರ್ಲಿ ಬಿಡ್ರಿ ಸಾಹುಕಾರ್ರ. ಈ ಕಡೆ ಬೋಲ್ಟ್ ನಾ ಬಿಚ್ಚೂದ್ರಾಗ ಆ ಕಡೀದು ಅಂವ ಬಿಚ್ಚಲಿ. ನಲವತ್ತಕ್ಕ ಇಳಸ್ತೇವಿ."

ಕುಂಥುನಾಥರು ನಗುತ್ತಲೇ ಫೋನಿನಲ್ಲಿ ಹೇಳಿದರು:

"ಬಾರಪಾ. ಆದ್ರ ನಮ್ಮ ರಾಯಪ್ಪ ಹೇಳಿದ್ಹಂಗ ಕೇಳಬೇಕಾಗ್ತದ."