ಮೂರನೇ ನಂಬರಿನ ಗಂಡ

ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಡೀಸೆಲ್ ವಿದ್ಯುತ್ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಎಂಜಿನ್ ಆಪರೇಟರ್ ಆಗಿದ್ದಕ್ಕೆ ಸಿಕ್ಕ ಬಹುಮಾನ ಅದು. ಮನೆಯಲ್ಲಿ ಯಾರು ಏನು ಹೇಳಿದರೂ "ಆಂ?" ಎನ್ನುತ್ತಿದ್ದ. ಎರಡನೇ ಸಲ ಹೇಳಿದರೂ "ಆಂ?" ಮೂರನೇ ಸಲ ಗಂಟಲು ಹರಿದುಕೊಂಡರೆ, "ಯಾಕೆ ಕಿರುಚ್ತೀಯ, ನಾನೇನು ಕಿವುಡನಾ?" ಎಂದು ಮುಖ ಗಂಟಿಕ್ಕುತ್ತಿದ್ದ. ಅದೇ ಮನುಷ್ಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿಕೊಂಡರೆ ಮಾತ್ರ, ಒಳಗಿನ ಎಂಟು ಸಿಲಿಂಡರುಗಳಲ್ಲಿ ಯಾವುದು ಮುನಿಸಿಕೊಂಡಿದೆ ಎಂದು ಥಟ್ಟನೆ ಹೇಳಿಬಿಡುತ್ತಿದ್ದ.

ಕೇಂದ್ರದಲ್ಲಿ ಮೊದಲು ನಾಲ್ಕು ಎಂಜಿನ್ನುಗಳಿದ್ದವು. ಒಂದು, ಎರಡು, ನಾಲ್ಕು ಬಿಡಿಭಾಗ ಸಿಗದೆ ಒಂದೊಂದಾಗಿ ಕಣ್ಣು ಮುಚ್ಚಿದವು. ಅವುಗಳ ಹೊಟ್ಟೆ ಬಗೆದು ತೆಗೆದ ಸಾಮಾನಿನಿಂದಲೇ ಇವನು ಮೂರನೆಯದನ್ನು ಬದುಕಿಸಿಕೊಂಡು ಬಂದ. ಅದರ ಆರನೇ ಸಿಲಿಂಡರಿಗೆ ಬೇರೆ ಕಂಪನಿಯ ಪಿಸ್ಟನ್ನನ್ನು ಲೇತಿನಲ್ಲಿ ಕೂದಲೆಳೆಯಷ್ಟು ಸವೆಸಿ ಕೂರಿಸಿದ್ದ. ಅಂದಿನಿಂದ ಆ ಸಿಲಿಂಡರ್ ಪ್ರತಿ ಸುತ್ತಿಗೂ ಸಣ್ಣಗೆ ಒಂದು 'ಟಕ್' ಎನ್ನುತ್ತಿತ್ತು. ಅದು ಬೇರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಮೂರನೇ ನಂಬರಿನ ಗಂಡ ಎಂದು ಅವನಿಗೆ ಹೆಸರಿಟ್ಟವಳು ಹೆಂಡತಿಯೇ. "ಒಂದನೇ ನಂಬರು ನಾನು, ಎರಡನೇದು ಮಗಳು ಅನ್ಕೊಂಡಿದ್ದೆ ಕಣ್ರೀ. ಈ ಮನುಷ್ಯ ಎಣಿಸೋದೇ ಮೂರರಿಂದ" ಎಂದು ಅಕ್ಕಪಕ್ಕದವರ ಮುಂದೆ ಹೇಳಿ ನಗುತ್ತಿದ್ದಳು. ನಗುತ್ತಿದ್ದಳೇನೋ ನಿಜ, ಆದರೆ ಆ ನಗು ಕಣ್ಣಿಗೆ ಮುಟ್ಟುತ್ತಿರಲಿಲ್ಲ.

ಆಕೆ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದ ಮಧ್ಯಾಹ್ನ ಹನ್ನೆರಡು ವರ್ಷದ ಮಗಳು ಕೇಂದ್ರಕ್ಕೆ ಓಡಿಬಂದಿದ್ದಳು. ಎಂಜಿನ್ ಮನೆಯ ಕಬ್ಬಿಣದ ಬಾಗಿಲಲ್ಲಿ ನಿಂತು, "ಅಪ್ಪಾ, ಅಮ್ಮ ಕರೀತಿದ್ದಾಳೆ ಬಾ!" ಎಂದು ಕೂಗಿದಳು. ಒಂದಲ್ಲ, ಹತ್ತು ಸಲ ಕೂಗಿದಳು. ಅವನು ಬೆನ್ನು ತಿರುಗಿಸಿ ಎಣ್ಣೆಯ ಒತ್ತಡದ ಮುಳ್ಳನ್ನೇ ನೋಡುತ್ತ ನಿಂತಿದ್ದ. ಎರಡು ಗಂಟೆ ಬಿಟ್ಟು ಆಸ್ಪತ್ರೆಗೆ ಹೋದಾಗ ಮಂಚದ ಮೇಲಿನ ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು. ಅದರ ಕೆಳಗೆ ಆಕೆಯ ಮುಖಕ್ಕೆ ಬಟ್ಟೆ ಹೊದಿಸಿದ್ದರು. "ಆ ಸದ್ದಲ್ಲಿ ಏನೂ ಕೇಳಿಸ್ಲಿಲ್ಲಮ್ಮ. ಕೇಳಿಸಿದ್ರೂ ಹೇಗೆ ಬರ್ಲಿ, ಎಂಜಿನ್ ನಿಂತ್ರೆ ಅವಳ ಫ್ಯಾನೇ ನಿಂತು ಹೋಗ್ತಿತ್ತು" ಎಂದು ಮಗಳಿಗೆ ಹೇಳಿದ. ಮಗಳು ನಂಬಿದಳು. ಹನ್ನೆರಡರ ವಯಸ್ಸಿಗೆ ನಂಬುವುದು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ.

ಆ ಎಂಜಿನ್ನಿಗೆ ಹಾಕುವ ಎಣ್ಣೆಯ ಕಥೆಯೇ ಬೇರೆ. ಕಡಲಾಚೆ ಎಲ್ಲೋ ಒಂದು ಎಣ್ಣೆ ಹಡಗಿಗೆ ಬೆಂಕಿ ಬಿದ್ದರೆ ಈ ಪಟ್ಟಣಕ್ಕೆ ದಿನಕ್ಕೆ ಆರು ಗಂಟೆ ಕತ್ತಲು. ಬ್ಯಾರೆಲ್ ದರ ಏರಿಸುವವರು ಯಾರೋ, ಬೈಗುಳ ತಿನ್ನುವವನು ಇವನು. ದರ ಇಳಿದಾಗ ಟ್ಯಾಂಕು ತುಂಬಿಸಲು ಸರ್ಕಾರದಲ್ಲಿ ದುಡ್ಡಿರುತ್ತಿರಲಿಲ್ಲ. ಏರಿದಾಗ ಎದ್ದುಬಿದ್ದು ತುಂಬಿಸುತ್ತಿದ್ದರು. ಇದಕ್ಕೆ ಇಂಧನ ನೀತಿ ಎಂದು ಹೆಸರು. ಒಬ್ಬ ಮಂತ್ರಿ ಗ್ಯಾಸ್ ಕೊಳವೆ ತರುತ್ತೇನೆಂದು ಬಂದ. ಕೊಳವೆ ಬಂತು, ಅಷ್ಟರಲ್ಲಿ ಗ್ಯಾಸಿನ ಬೆಲೆ ಮುಗಿಲು ಮುಟ್ಟಿತು. ಆ ಕೊಳವೆಗಳು ಇವತ್ತಿಗೂ ಕೇಂದ್ರದ ಹಿಂದೆ ಬಿದ್ದಿವೆ, ಅವುಗಳಲ್ಲಿ ನಾಯಿಗಳು ಮರಿ ಹಾಕುತ್ತವೆ.

ಕೊನೆಗೆ ಹವಾಮಾನ ನಿಧಿ ಬಂತು. ಇಷ್ಟು ಕಾಲ ಹೊಗೆ ಕಾರಿ ಕೊಬ್ಬಿದ ದೇಶಗಳು ಸೇರಿ ಒಂದು ಗಂಟು ಕಟ್ಟಿ, ಅರ್ಧ ನೆರವು, ಅರ್ಧ ಸಾಲ ಎಂದು ಬಡವರ ಮುಂದೆ ಇಟ್ಟಿದ್ದವು. ಪಟ್ಟಣಕ್ಕೆ ಸೌರ ಫಲಕ, ಕೋಣೆಯಷ್ಟು ದೊಡ್ಡ ಬ್ಯಾಟರಿ. ಷರತ್ತು ಒಂದೇ: ಹಳೆಯ ಎಂಜಿನ್ ಸಾಯಬೇಕು. ಮಾರಿದರೆ ಅದೇ ಹೊಗೆ ಇನ್ನೊಂದು ಊರಿನಲ್ಲಿ ಏಳುತ್ತದೆ, ನಿಧಿಯ ದುಡ್ಡು ನೀರಿನಲ್ಲಿ ಹೋಮವಾಗುತ್ತದೆ. ಹಾಗಾಗಿ ಎಂಜಿನ್ನಿನ ಮುಖ್ಯ ಒಡಲಿಗೆ ಅಂಗೈಯಗಲ ತೂತು ಕೊರೆಯಬೇಕು. 'ಕಣ್ಣಾರೆ ನೋಡಿದ್ದೇನೆ' ಎಂದು ಸ್ಥಳದ ಪರಿಶೀಲಕರು ಸಹಿ ಹಾಕಬೇಕು.

ಪರಿಶೀಲಕಿಯ ಆ ಕೆಲಸ ಸಿಕ್ಕಿದ್ದು ಮಗಳಿಗೆ. ಔಷಧಿ ಅಂಗಡಿಯಲ್ಲಿ ಆರು ವರ್ಷ ನಿಂತು ನಿಂತು ಕಾಲು ಊದಿಸಿಕೊಂಡಿದ್ದವಳು ಪರೀಕ್ಷೆ ಬರೆದು ನೂರೆಂಬತ್ತು ಜನರಲ್ಲಿ ಮೊದಲು ಬಂದಿದ್ದಳು. ಒಂದು ವರ್ಷ ತಪ್ಪಿಲ್ಲದೆ ಕಳೆದರೆ ಕೆಲಸ ಕಾಯಂ. ಮೊದಲ ದಿನ ಮನೆಗೆ ಬಂದು, "ಅಪ್ಪಾ, ನಂಗೆ ಕೂತ್ಕೊಳ್ಳೋಕೆ ಕುರ್ಚಿ ಕೊಟ್ಟಿದ್ದಾರೆ!" ಎಂದಳು.

"ಆಂ?"

"ಕುರ್ಚೀ!"

"ಕುರ್ಚಿ ತಾನೇ, ಅದಕ್ಯಾಕೆ ಇಷ್ಟು ಕಿರುಚ್ತೀಯ" ಎಂದ.

ತೂತು ಕೊರೆಯುವವನು ಅವನೇ ಎಂದು ತೀರ್ಮಾನವಾಯಿತು. ಕೇಂದ್ರದ ಮ್ಯಾನೇಜರ್ ಅವನನ್ನು ಪಕ್ಕಕ್ಕೆ ಕರೆದು, "ನೋಡಿ, ಫೋಟೋಗೆ ಒಂದು ತೂತು ಕಂಡ್ರೆ ಸಾಕು. ಎಲ್ಲಿ ಕೊರೆದ್ರೆ ಅವಳಿಗೆ ನೋವಾಗಲ್ಲ ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ?" ಎಂದ. ಆಪರೇಟರನ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಎಂಜಿನ್ನಿಗೂ ನೋವಾಗುತ್ತದೆ ಎಂದು ತಿಳಿದ ಮ್ಯಾನೇಜರನ್ನು ಅವನು ಕಂಡಿರಲಿಲ್ಲ. ಅಯ್ಯೋ ಪೆದ್ದ! ಆ ಮನುಷ್ಯ ಗುಜರಿಯ ದಲ್ಲಾಳಿಯೊಂದಿಗೆ ಎಂಜಿನ್ ಮಾರುವ ಮಾತನ್ನು ಆಗಲೇ ಮುಗಿಸಿದ್ದ.

ಎಂಜಿನ್ನಿನ ಒಡಲಿನ ಪಕ್ಕದಲ್ಲಿ ಒಂದು ಬಾಗಿಲಿರುತ್ತದೆ, ಒಳಗೆ ಕೈ ಹಾಕಿ ನೋಡಲು. ಎಂಟು ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ತಗಡು. ಅದಕ್ಕೂ ಒಡಲಿಗೂ ಒಂದೇ ಬೂದು ಬಣ್ಣ. ಫೋಟೋದಲ್ಲಿ ಯಾವುದು ಬಾಗಿಲು, ಯಾವುದು ಒಡಲು ಎಂದು ಎಂಜಿನ್ ಬಲ್ಲವನಿಗೆ ಬಿಟ್ಟು ಇನ್ನಾರಿಗೂ ಗೊತ್ತಾಗುವುದಿಲ್ಲ. ಆಪರೇಟರ್ ಬೋಲ್ಟುಗಳ ತಲೆಗೆ ಗ್ರೀಸ್ ಮೆತ್ತಿ ಮರೆಮಾಡಿ, ಆ ತಗಡಿಗೆ ತೂತು ಕೊರೆಯಲು ನಿಂತ. ಮಗಳು ಫೈಲು ಹಿಡಿದು ಬಂದಾಗ ಎಂಜಿನ್ ಮನೆಯ ಬಾಗಿಲಲ್ಲೇ ತಡೆದು, "ನೀನು ಬರ್ಬೇಡ ಪುಟ್ಟಿ, ನನ್ ಕೈಲಿ ಆಗ್ತಿಲ್ಲ" ಎಂದು ಕಣ್ಣೊರೆಸಿಕೊಂಡ. ಅಪ್ಪನ ಅಳು ನೋಡಬಾರದೆಂದು ಅವಳು ಹೊರಗೇ ನಿಂತಳು. ಡ್ರಿಲ್ಲಿನ ಸದ್ದು ನಿಂತ ಮೇಲೆ, "ಆಯ್ತಾ ಅಪ್ಪ?" ಎಂದು ಕೇಳಿ, ಗೋಡೆಗೆ ಕಾಗದ ಆನಿಸಿ ಸಹಿ ಹಾಕಿದಳು. ಆ ಕೆಲಸದಲ್ಲಿ ಅವಳು ನೋಡದೆ ಹಾಕಿದ ಸಹಿ ಅದೊಂದೇ.

ಅವಳು ಕೆಲಸಕ್ಕೆ ಸೇರಿದ ಹನ್ನೊಂದನೇ ತಿಂಗಳಲ್ಲಿ ನಿಧಿಯ ಕಡೆಯಿಂದ ಪತ್ರ ಬಂತು. ಬೇರೊಂದು ದೇಶದ ಸಿಮೆಂಟ್ ಕಾರ್ಖಾನೆಯಲ್ಲಿ ಇಂಥದೇ ಎಂಜಿನ್ ಓಡುತ್ತಿದೆ, ನಂಬರಿನ ಫಲಕ ಕಿತ್ತಿದ್ದಾರೆ, ಪಕ್ಕದ ಬಾಗಿಲು ಹೊಸದು, ತಪಾಸಣೆಗೆ ಬರುತ್ತೇವೆ ಎಂದು. ಮ್ಯಾನೇಜರ್ ಅಪ್ಪ ಮಗಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. "ಅವರ ಹತ್ರ ಸಾಕ್ಷಿ ಇಲ್ಲ. ಒಂದು ವಿಡಿಯೋ ಇದೆ, ಅಷ್ಟೇ. ಅಂಥ ಎಂಜಿನ್ ಪ್ರಪಂಚದಲ್ಲಿ ನೂರಾರು. ಇದನ್ನ ಗುರುತಿಸೋ ಮನುಷ್ಯ ನೀವೊಬ್ರೇ. ನಮ್ದಲ್ಲ ಅಂದ್ಬಿಡಿ, ಕಥೆ ಮುಗೀತು. ನಿಮ್ಮ ಮಗಳ ಕೆಲಸಾನೂ ಉಳೀತು" ಎಂದ.

ಹೊರಗೆ ಮೆಟ್ಟಿಲ ಮೇಲೆ ಮಗಳು ಅವನ ಬಲಗಿವಿಯ ಹತ್ತಿರ ಬಂದು ಕೇಳಿದಳು: "ಬಾಗಿಲಿಗೆ ಕೊರೆದ್ಯಾ ಅಪ್ಪ?"

ಅವನು ತಲೆ ತಗ್ಗಿಸಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಆಯ್ತು, ಆಗಿದ್ದಾಯ್ತು. ಎರಡೇ ಮಾತು, ನಮ್ದಲ್ಲ ಅನ್ನು. ಬರೋ ಇಪ್ಪತ್ತೈದಕ್ಕೆ ಒಂದು ವರ್ಷ ತುಂಬುತ್ತೆ. ಅಷ್ಟು ಮಾಡ್ತೀಯಾ ನಂಗೋಸ್ಕರ?"

"ನಿನ್ನಾಣೆ" ಎಂದ. ಮನಸ್ಸಿಟ್ಟೇ ಹೇಳಿದ. ಸುಳ್ಳು ಹೇಳುವವರಲ್ಲಿ ಇಂಥವರೇ ಅಪಾಯ.

ತಪಾಸಣೆಗೆ ಬಂದ ಹೆಂಗಸು ಮೆತ್ತಗಿನ ಮಾತಿನವಳು. ಚಹಾ ಬೇಡವೆಂದು ತನ್ನದೇ ಬಾಟಲಿಯ ನೀರು ಕುಡಿದಳು. ಮೇಜಿನ ಆ ಬದಿಗೆ ಮ್ಯಾನೇಜರ್, ಈ ಬದಿಗೆ ಮಗಳು, ನಡುವೆ ಇವನು. ಆಕೆ ಫೋನು ಮುಂದಿಟ್ಟು, "ದೂರದಿಂದ ತೆಗೆದಿದ್ದು, ಸರಿಯಾಗಿ ಕಾಣಲ್ಲ. ನೋಡಿ, ಇದು ನಿಮ್ಮ ಎಂಜಿನ್ನಾ?" ಎಂದಳು.

ಅವನು ನೋಡಿದ. ಮಸುಕು ಮಸುಕಾಗಿ ಏನೋ ಅದುರುತ್ತಿತ್ತು. "ಅಲ್ಲಮ್ಮ" ಎಂದ. "ನಮ್ದಲ್ಲ." ಮೇಜಿನ ಕೆಳಗೆ ಮಗಳ ಕೈ ಅವನ ಮಂಡಿಯನ್ನು ಮೆಲ್ಲಗೆ ಒತ್ತಿತು.

"ಸರಿ. ಸದ್ದೂ ಇದೆ, ಒಮ್ಮೆ ಕೇಳಿಬಿಡಿ, ಬರ್ಕೊಳ್ತೀನಿ" ಎಂದು ಆಕೆ ಫೋನಿನ ದನಿ ಏರಿಸಿದಳು.

ಅವನು ಫೋನನ್ನು ಬಲಗಿವಿಗೆ ಆನಿಸಿಕೊಂಡ, ಸ್ಕ್ರೂಡ್ರೈವರಿನ ಹಿಡಿಯನ್ನು ಆನಿಸಿಕೊಳ್ಳುತ್ತಿದ್ದ ಹಾಗೆ. ಕಣ್ಣು ಮುಚ್ಚಿತು. ಟಕ್. ಟಕ್. ಟಕ್. ಹೆಂಡತಿ ಸತ್ತಾಗ ಕಾಣದ ಒಂದು ಕಳೆ ಅವನ ಮುಖದ ಮೇಲೆ ಬಂತು. ಆಗಲೂ ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದ. ಆದರೆ ಆ ಟಕ್ಕಿನ ಹಿಂದೆ ಇನ್ನೊಂದು ಸದ್ದು, ಹಲ್ಲು ಕಡಿದ ಹಾಗೆ, ಅವನಿಗೆ ಕೇಳಿಸಿತು. ಮುಖ ಕಿವುಚಿತು.

"ಯಾವ ನಾಲಾಯಕ್ ನೋಡ್ಕೊಳ್ತಿದ್ದಾನೆ ಇದನ್ನ?" ಎಂದು ಎದ್ದು ನಿಂತ. "ಎರಡನೇ ಬೇರಿಂಗ್ ಸವೆದುಹೋಗಿದೆ! ಎಣ್ಣೆ ಒತ್ತಡ ನೋಡೋರು ಗತಿಯಿಲ್ವಾ ಅಲ್ಲಿ? ಈಗಲೇ ಫೋನ್ ಮಾಡಿ, ನಿಲ್ಲಿಸೋಕೆ ಹೇಳಿ. ಇವತ್ತೇ ನಿಲ್ಲಿಸ್ಬೇಕು! ಆರನೇದರ ಟಕ್ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ, ಆ ಪಿಸ್ಟನ್ ನಾನೇ ಕೂರಿಸಿದ್ದು, ಅದು ಹಾಗೇ ಇರುತ್ತೆ. ಎರಡನೇದು, ಎರಡನೇದು ನೋಡೋಕೆ ಹೇಳಿ!"

ತಪಾಸಣೆಯ ಹೆಂಗಸು ಪೆನ್ನು ತೆಗೆದು ನಿಧಾನವಾಗಿ ಬರೆದುಕೊಂಡಳು. ಮ್ಯಾನೇಜರ್ ಕಿಟಕಿ ನೋಡಿದ. ಮಗಳ ಕೈ ಅವನ ಮಂಡಿಯ ಮೇಲಿನಿಂದ ಯಾವಾಗ ಹೋಯಿತೋ ಅವನಿಗೆ ತಿಳಿಯಲಿಲ್ಲ.

ಸಹಿ ಅವಳದು, ತಪ್ಪೂ ಅವಳದೇ ಆಯಿತು. ಮಾರನೇ ವಾರ ಕೆಲಸ ಹೋಯಿತು. ನಿಧಿಯ ದುಡ್ಡು ಮುಟ್ಟಿದ ಯಾವ ಕಚೇರಿಯೂ ಅವಳನ್ನು ಇನ್ನು ಸೇರಿಸಿಕೊಳ್ಳಬಾರದೆಂದು ಎಲ್ಲ ಕಡೆ ಪಟ್ಟಿ ಹೋಯಿತು. ಔಷಧಿ ಅಂಗಡಿಯವನು ಕೂಡ, "ಸುಳ್ಳು ಸಹಿ ಹಾಕೋರನ್ನ ಔಷಧಿ ಹತ್ರ ಹೇಗಮ್ಮಾ ಬಿಡೋದು" ಎಂದ. ಮ್ಯಾನೇಜರ್ ತನಗೇನೂ ಗೊತ್ತಿರಲಿಲ್ಲವೆಂದು ಬರೆದುಕೊಟ್ಟ. ಅವನನ್ನು ಮುಖ್ಯ ಕಚೇರಿಗೆ ವರ್ಗ ಮಾಡಿದರು, ಮೂರನೇ ಮಹಡಿಯಲ್ಲಿ ಒಳ್ಳೆ ಗಾಳಿ ಬರುವ ಕೋಣೆ.

ಕೆಲಸದಿಂದ ತೆಗೆದ ಪತ್ರ ಬಂದ ಸಂಜೆ ಮಗಳು ಅಪ್ಪನಿಗೆ ತಟ್ಟೆ ಹಾಕಿ ಬಡಿಸಿದಳು. ಅವನು ಎರಡು ತುತ್ತು ತಿಂದು ತಲೆ ಎತ್ತಿದ.

"ಪುಟ್ಟಿ, ಆ ಬೇರಿಂಗ್ ವಿಷಯ ಅಲ್ಲಿಯವರಿಗೆ ಹೇಳಿದ್ರಂತಾ?"

ಅವಳು ಪಾತ್ರೆ ಕೆಳಗಿಟ್ಟಳು. ಅವನ ಬಲಕ್ಕೆ ಬಂದು ಕೂತಳು. ಬಹಳ ಮೆತ್ತಗೆ, ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಮಾತಾಡದಷ್ಟು ಮೆತ್ತಗೆ ಕೇಳಿದಳು:

"ಅವತ್ತು ಬಾಗಿಲಲ್ಲಿ ನಿಂತು ನಾನು ಕೂಗಿದ್ದು ನಿಂಗೆ ಕೇಳಿಸಿತ್ತು, ಅಲ್ವಾ ಅಪ್ಪ?"

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವಳ ಒಂದೊಂದು ಮಾತೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಆಂ?" ಎಂದ.