ಓಲೆಕಾರನಿಗೆ ನೆನಪು ಕೊಟ್ಟಾಕೆ

ಈಗಷ್ಟೇ ಬೆಳಕು ಹರಿಯುತ್ತಿದೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಹಾಲಿನ ಪಾತ್ರೆ, ಇನ್ನೊಂದು ಕಡೆ ಕೀಲು ಮುರಿದ ಲ್ಯಾಪ್‌ಟಾಪ್. ಪರದೆ ಹಿಂದಕ್ಕೆ ಬೀಳದಂತೆ ಸಕ್ಕರೆ ಡಬ್ಬಿಯ ಆಸರೆ. ಈಕೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾಳೆ.

"ಅತ್ತಿಗೇ, ಚಹಾ ಉಕ್ತು!" ವಾಸನೆ ಹಿಡಿದು ಒಳಗಿನಿಂದ ನಾದಿನಿಯ ಕೂಗು.

"ಉಕ್ಲಿ ಬಿಡೇ, ದೋಣಿ ಹೊರಡೋ ಹೊತ್ತು!"

ಹಗಲೆಲ್ಲ ಈಕೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಕೂದಲೆಳೆಯಂಥ ಗೀರನ್ನೂ ಬಿಡದವಳಾದ್ದರಿಂದ ಅಲ್ಲಿ ಎಲ್ಲರ ಬಾಯಲ್ಲೂ 'ಭೂತಗನ್ನಡಿ'. ಅಂಗಡಿಗೆ ಹೊರಡುವ ಮುಂಚಿನ ಹೊತ್ತು ಮಾತ್ರ 'ಓಲೆಕಾರ'ನದು. ಓಲೆಕಾರ ಮನುಷ್ಯನಲ್ಲ, ಒಂದು ಲೈಬ್ರರಿ. ಪುಸ್ತಕಗಳದ್ದಲ್ಲ, ಪ್ರೋಗ್ರಾಮ್ ಬರೆಯುವವರು ಎತ್ತಿಕೊಂಡು ಬಳಸುವ ಸಿದ್ಧ ತುಣುಕು. ಇಂಟರ್‌ನೆಟ್ಟಿನಲ್ಲಿ ಬೇಕಾದ ಸರ್ವರ್ ಬಳಿ ಹೋಗಿ, ಕೇಳಿ, ಉತ್ತರ ಹೊತ್ತು ತರುವುದು ಅವನ ಕೆಲಸ. ಮದುವೆ, ಅಂಗಡಿ, ಮಾವನ ಆಸ್ಪತ್ರೆ ಓಡಾಟ ಎಂದು ಕೈಬಿಟ್ಟಿದ್ದ ಕಂಪ್ಯೂಟರ್ ಓದನ್ನು ಮತ್ತೆ ಹಿಡಿದು ಈಕೆಯೇ ಅವನನ್ನು ಬರೆದದ್ದು, ಪುಕ್ಕಟೆ ಹಂಚಿದ್ದು. ಇಂದು ನೂರಾರು ಆ್ಯಪ್‌ಗಳ ಹೊಟ್ಟೆಯಲ್ಲಿ ಅವನಿದ್ದಾನೆ. ನದಿ ದಾಟುವವರು ದೋಣಿಯ ವೇಳೆ ನೋಡುವ ಆ್ಯಪ್ ಕೂಡ ಅವನನ್ನೇ ನೆಚ್ಚಿದೆ.

ಅವನಿಗೊಂದು ಕೊರತೆಯಿತ್ತು: ನೆನಪೇ ಇಲ್ಲ. ಈಗತಾನೇ ಕೇಳಿ ಬಂದದ್ದನ್ನೇ ಮತ್ತೆ ಓಡಿಹೋಗಿ ಕೇಳುತ್ತಿದ್ದ. ಬೆಳಗಾದರೆ ಸಾವಿರಾರು ಫೋನುಗಳಿಂದ ಒಂದೇ ಪ್ರಶ್ನೆ. ದೋಣಿಕಟ್ಟೆಯ ಹಳೇ ಸರ್ವರ್ ಪ್ರತಿ ಸಲವೂ ವೇಳಾಪಟ್ಟಿಯನ್ನು ಮೊದಲಿನಿಂದ ಜೋಡಿಸಿ ಕೊಟ್ಟು ಏದುಸಿರು ಬಿಡುತ್ತಿತ್ತು. ಅದನ್ನು ನೋಡಿಕೊಳ್ಳುವ 'ದೋಣಿಯಣ್ಣ' ಫೋನಿನಲ್ಲಿ ಹೇಳಿಯೇಬಿಟ್ಟ: "ತಾಯೀ, ನಿಮ್ಮ ಓಲೆಕಾರ ನನ್ನ ಪ್ರಾಣ ತಿಂತಾನೆ. ಸೋಮವಾರದ ಮೊದಲ ದೋಣಿವರೆಗೆ ನೋಡ್ತೀನಿ. ಆಮೇಲೆ ಅವನಿಗೆ ಬಾಗಿಲು ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ."

ಬಾಗಿಲು ಹಾಕಿದರೆ ಆಚೆ ದಡದ ಆಸ್ಪತ್ರೆಗೆ, ಕಾರ್ಖಾನೆಗೆ ಹೋಗುವವರಿಗೆಲ್ಲ ಕಣ್ಣು ಕಟ್ಟಿ ಬಿಟ್ಟಂತೆ.

ತಂದ ಉತ್ತರವನ್ನು ಅರ್ಧ ಗಂಟೆ ಫೋನಿನಲ್ಲೇ ಇಟ್ಟುಕೊಂಡು ಅದನ್ನೇ ತೋರಿಸುವುದು ಈಕೆಯ ಮೊದಲ ಮದ್ದು. ಕ್ಯಾಶಿಂಗ್ ಅನ್ನುವುದು ಇದಕ್ಕೇ. ಸರ್ವರ್ ಉಸಿರಾಡಿತು. ಆದರೆ ಮಾರನೇ ದಿನ ಆ ಅರ್ಧ ಗಂಟೆಯೊಳಗೇ ಗಾಳಿ ಎದ್ದು ದೋಣಿ ನಿಂತಿತು. ಫೋನುಗಳು ಮಾತ್ರ 'ದೋಣಿ ಇದೆ' ಎಂಬ ಹಳೇ ರಾಗವನ್ನೇ ಹಾಡಿದವು. ಗಾಳಿಗೆ ಮೈಯೊಡ್ಡಿ ಕಟ್ಟೆಯಲ್ಲಿ ನಿಂತವರಲ್ಲಿ ನರ್ಸ್ ಆಗಿರುವ ನಾದಿನಿಯೂ ಒಬ್ಬಳು. "ನಿಮ್ಮ ಓಲೆಕಾರನಿಗೆ ನೆನಪು ಬಂತು ಅತ್ತಿಗೆ, ಬುದ್ಧಿ ಬರ್ಲಿಲ್ಲ," ಎಂದು ಮನೆಗೆ ಬಂದು ಚೆನ್ನಾಗಿ ಚಳಿ ಬಿಡಿಸಿದಳು. ಅವತ್ತೇ ಈಕೆ ಆ ಮದ್ದನ್ನು ಹಿಂತೆಗೆದುಕೊಂಡಳು.

ದಾರಿ ಹೊಳೆದದ್ದು ಅಮ್ಮನ ಫೋನಿನಿಂದ. ಊರ ಇನ್ನೊಂದು ತುದಿಯಲ್ಲಿ ಹೊಲಿಗೆ ಅಂಗಡಿ ನಡೆಸುವ ಅಮ್ಮ, ಬೆಳಿಗ್ಗೆ ಒಂದೇ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾಳೆ. ನಿನ್ನೆ ಇದ್ದ ಹಾಗೇ ಇದ್ದೀನಿ ಎಂದರ್ಥ. ಹೊಸದೇನಾದರೂ ಇದ್ದರೆ ಮಾತ್ರ ಮಾತು.

"ಅಷ್ಟೇ ಸಾಕಲ್ವಾ? ದಿನಾ ಪೂರ್ತಿ ಪುರಾಣ ಯಾಕೆ? ಬದಲಾಯ್ತಾ, ಇಲ್ವಾ, ಅಷ್ಟು ಹೇಳು!" ಎಂದು ನಾದಿನಿಗೆ ವಿವರಿಸುವಾಗ ಈಕೆಯ ಕೈಗಳು ಗಾಳಿಯಲ್ಲಿ ಕುಣಿಯುತ್ತವೆ.

ಈಗ ಪ್ರತಿ ಉತ್ತರಕ್ಕೂ ಒಂದು ಗುರುತು. ಓಲೆಕಾರ ಅದನ್ನು ಹಿಡಿದು ಹೋಗಿ 'ಇದೇ ಇದೆಯಾ?' ಎನ್ನುತ್ತಾನೆ. 'ಅದೇ' ಎಂದರೆ ಮುಗಿಯಿತು, ಕೈಲಿದ್ದದ್ದೇ ಸಾಕು. ಪಟ್ಟಿ ಬದಲಾದರೆ ಗುರುತೂ ಬದಲು. ಆಗ ಮಾತ್ರ ಹೊಸದನ್ನು ಹೊತ್ತು ತರಬೇಕು. ಗುರುತು ಅಂಟಿಸುವುದು ದೋಣಿಯಣ್ಣನ ಪಾಲಿನ ಕೆಲಸ. ಗೊಣಗುತ್ತಲೇ ನಿನ್ನೆ ಮುಗಿಸಿದ್ದಾನೆ.

ಇವತ್ತೇ ಆ ಸೋಮವಾರ. ಈಕೆಯ ಓಲೆಕಾರನಿಗೆ ಸಿಗುತ್ತಿರುವ ಉತ್ತರಗಳು ಪರದೆಯಲ್ಲಿ ಸಾಲುಸಾಲಾಗಿ ಓಡುತ್ತಿವೆ: ಅದೇ, ಅದೇ, ಅದೇ. ಇದ್ದಕ್ಕಿದ್ದಂತೆ ಕಿಟಕಿ ಪಟಾರನೆ ಬಡಿಯುತ್ತದೆ. ಗಾಳಿ! ಈಕೆ ಪರದೆಯತ್ತ ಬಾಗುತ್ತಾಳೆ. ಸಾಲುಗಳ ನಡುವೆ ಒಂದು 'ಹೊಸದು'.

ಒಂದು ಕಾಲಿಗೆ ಶೂ ಹಾಕಿಕೊಂಡ ನಾದಿನಿ ಫೋನು ನೋಡುತ್ತಾಳೆ. "ಅತ್ತಿಗೆ, ಮೊದಲ ದೋಣಿ ರದ್ದಂತೆ."

"ಬಂತಾ? ನಿಂಗೂ ಬಂತಾ!" ಈಕೆ ಕುರ್ಚಿಯಿಂದ ಜಿಗಿದೇಬಿಡುತ್ತಾಳೆ.

"ದೋಣಿ ನಿಂತಿದ್ದಕ್ಕೆ ಇಷ್ಟು ಕುಣಿಯೋರನ್ನ ನಾನೆಲ್ಲೂ ಕಂಡಿಲ್ಲ," ಎಂದು ನಾದಿನಿ ಶೂ ಬಿಚ್ಚುತ್ತಾಳೆ. "ಆಯ್ತು, ಬೇರೆ ಚಹಾ ಇಡಿ."

ದೋಣಿಯಣ್ಣನ ಫೋನೂ ಬರುತ್ತದೆ. "ಬಾಗಿಲು ತೆಗೆದೇ ಇರ್ತೀನಿ ತಾಯೀ. ನನ್ನ ಮಿಷನ್ನು ಈಗ ಗೊರಕೆ ಹೊಡೀತಿದೆ."

ಅಷ್ಟರಲ್ಲಿ ಅಮ್ಮನ ಒಂದು ರಿಂಗ್. ಕಟ್. ಎಂದೂ ಇಲ್ಲದ್ದು, ಈಕೆ ತಿರುಗಿ ಕರೆ ಮಾಡುತ್ತಾಳೆ.

"ಏನಾಯ್ತೇ? ಯಾರಿಗೇನಾಯ್ತು?" ಅಮ್ಮನಿಗೆ ಗಾಬರಿ.

"ಯಾರಿಗೂ ಏನೂ ಆಗಿಲ್ಲಮ್ಮ. ಇಷ್ಟು ಗಾಳಿ ಇದ್ರೂ ಇವತ್ತು ಕಟ್ಟೇಲಿ ಯಾರೂ ಕಾಯ್ತಾ ನಿಂತಿಲ್ಲ. ಅದನ್ನ ಹೇಳೋಣ ಅಂತಲೇ ಮಾಡ್ದೆ."